ಪ್ಲೇಟಿನಲ್ಲಿ ಇಲ್ಲದ ಜೀವಕೋಶ

(ಪದವಿ ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರಿಗಾಗಿ ಕನ್ನಡದಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ. ಸ್ಲೈಡುಗಳಿಲ್ಲದೆ ಓದಿದರೂ ತಿಳಿಯುವಂತೆ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯಲ್ಲಿ ಸಭೆಯಿಂದ ಬಂದ ಕೆಲವು ಪ್ರಶ್ನೆಗಳಿವೆ.)

ಎಲ್ಲರಿಗೂ ನಮಸ್ಕಾರ.

ಶುರುವಿನಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಲ್ಯಾಬಿನಲ್ಲಿ ಕ್ಯಾನ್ಸರ್ ಜೀವಕೋಶಗಳನ್ನು ಸಾಯಿಸುವುದು ಕಷ್ಟದ ಕೆಲಸವೇ ಅಲ್ಲ. ಉಪ್ಪು ಜಾಸ್ತಿಯಾದರೆ ಸಾಯುತ್ತವೆ. ಬ್ಲೀಚ್ ಒಂದು ಹನಿ ಬಿದ್ದರೆ ಸಾಯುತ್ತವೆ. ಇನ್‌ಕ್ಯುಬೇಟರಿನ ಬಾಗಿಲು ಸರಿಯಾಗಿ ಹಾಕದೆ ಮನೆಗೆ ಹೋದರೆ ಬೆಳಗ್ಗೆ ಬರುವಷ್ಟರಲ್ಲಿ ಸೊರಗಿರುತ್ತವೆ. ಅವುಗಳನ್ನು ಬದುಕಿಸಿ ಇಟ್ಟುಕೊಳ್ಳುವುದೇ ಕಷ್ಟ. 37 ಡಿಗ್ರಿ ಶಾಖ ಬೇಕು. ಶೇ 5ರಷ್ಟು ಕಾರ್ಬನ್ ಡೈಆಕ್ಸೈಡ್ ಬೇಕು. ದನದ ಭ್ರೂಣದ ರಕ್ತದಿಂದ ತೆಗೆದ ಸೀರಂ ಬೆರೆಸಿದ ಗುಲಾಬಿ ಬಣ್ಣದ ಮೀಡಿಯಂ ಬೇಕು. ಅದು ಹಳದಿಗೆ ತಿರುಗುವ ಮುಂಚೆ ಬದಲಾಯಿಸಬೇಕು.

ಆದ್ದರಿಂದ ಲಕ್ಷ್ಮಣಫಲದ ರಸ ಕ್ಯಾನ್ಸರ್ ಕೋಶಗಳನ್ನು ಕೊಂದುಹಾಕಿತಂತೆ ಅಂತ ವಾಟ್ಸಾಪಿನಲ್ಲಿ ಸುದ್ದಿ ಬಂದಾಗ ನಾನು ಸುಳ್ಳು ಅನ್ನುವುದಿಲ್ಲ. ಕೊಂದಿರಬಹುದು. ನನ್ನ ಪ್ರಶ್ನೆ ಬೇರೆ. ಅದೇ ರಸ ಹಾಕಿದಾಗ ಯಾವ ಕೋಶ ಸಾಯಲಿಲ್ಲ? ಅದಕ್ಕೆ ಉತ್ತರ ಇಲ್ಲದಿದ್ದರೆ ಆ ಪ್ರಯೋಗದಿಂದ ತಿಳಿಯುವುದು ಬಹಳ ಕಡಿಮೆ. ಇವತ್ತಿನ ನನ್ನ ಮಾತೆಲ್ಲ ಈ ಒಂದು ಪ್ರಶ್ನೆಯ ಸುತ್ತಲೇ ತಿರುಗುತ್ತದೆ.

ಮೊದಲು, ಪುಟ್ಟ ಅಣು ಅಂದರೆ ಎಷ್ಟು ಪುಟ್ಟದು? ಆಸ್ಪಿರಿನ್‌ನ ಅಣುತೂಕ 180. ನಾವು ಈಗ ತಾನೇ ಕುಡಿದು ಬಂದ ಕಾಫಿಯಲ್ಲಿರುವ ಕೆಫೀನ್ 194. ರಕ್ತದ ಕ್ಯಾನ್ಸರಿಗೆ ಕೊಡುವ ಇಮಾಟಿನಿಬ್ 494ರ ಆಸುಪಾಸು. ಡ್ರಿಪ್ ಹಾಕಿ ಕೊಡುವ ಆಂಟಿಬಾಡಿ ಔಷಧಗಳದ್ದು ಸುಮಾರು ಒಂದೂವರೆ ಲಕ್ಷ. 500ರ ಒಳಗಿನ ಅಣುಗಳು ಸಾಮಾನ್ಯವಾಗಿ ಕರುಳಿನಿಂದ ರಕ್ತಕ್ಕೆ ದಾಟುತ್ತವೆ, ರಕ್ತದಿಂದ ಕೋಶದ ಒಳಕ್ಕೂ ನುಗ್ಗುತ್ತವೆ. ಮಾತ್ರೆ ಮಾಡಿ ನುಂಗಬಹುದು. ಅವುಗಳ ಮೇಲೆ ಇಷ್ಟು ಆಸೆ ಇರುವುದು ಅದಕ್ಕೇ.

ಇಂಥ ಅಣುಗಳಲ್ಲಿ ಔಷಧ ಹುಡುಕುವುದಕ್ಕೆ ಎರಡು ದಾರಿಗಳಿವೆ. ಒಂದು, ರೋಗಕ್ಕೆ ಕಾರಣವಾದ ಪ್ರೋಟೀನ್ ಯಾವುದು ಅಂತ ಮೊದಲೇ ಗೊತ್ತಿದ್ದು, ಅದನ್ನು ತಡೆಯುವ ಅಣುವನ್ನು ಹುಡುಕುವುದು. 2001ರಲ್ಲಿ ಒಪ್ಪಿಗೆ ಸಿಕ್ಕ ಇಮಾಟಿನಿಬ್ ಹಾಗೆ ಬಂದದ್ದು. ಇನ್ನೊಂದು, ಪ್ರೋಟೀನಿನ ಗೊಡವೆಗೆ ಹೋಗದೆ ಜೀವಂತ ಕೋಶಗಳ ಮೇಲೆಯೇ ಅಣುಗಳನ್ನು ಹಾಕಿ ಏನಾಗುತ್ತದೆ ನೋಡುವುದು. ಎರಡನೆಯದು ಹಳೆಯದು, ಒರಟು, ಎಷ್ಟೋ ಸಲ ಅದೃಷ್ಟದ ಆಟ. ನನಗೆ ಇಷ್ಟವಾದದ್ದೂ ಅದೇ. ಯಾಕೆಂದರೆ ನಾವು ಊಹಿಸಿಯೇ ಇರದ ಉತ್ತರ ಬರುವುದು ಆ ದಾರಿಯಲ್ಲಿ ಮಾತ್ರ.

ಈಗ ಪ್ಲೇಟು ನೋಡೋಣ. ಅಂಗೈಗಿಂತ ಸ್ವಲ್ಪ ದೊಡ್ಡದಾದ ಪ್ಲಾಸ್ಟಿಕ್ ತಟ್ಟೆ ಇದು. ಉದ್ದಕ್ಕೆ 24, ಅಡ್ಡಕ್ಕೆ 16, ಒಟ್ಟು 384 ಪುಟ್ಟ ಗುಳಿಗಳು. ಒಂದೊಂದು ಗುಳಿಗೆ ಹೆಚ್ಚುಕಡಿಮೆ ಒಂದು ಹನಿ ಮೀಡಿಯಂ ಮತ್ತು ಅದರಲ್ಲಿ ಸಾವಿರದಷ್ಟು ಕೋಶಗಳು. ಒಂದು ರಾತ್ರಿ ಬಿಟ್ಟರೆ ಅವು ತಳಕ್ಕೆ ಅಂಟಿಕೊಂಡು ಕೂರುತ್ತವೆ. ಮಾರನೇ ದಿನ ಅಣುಗಳ ಸರದಿ. ಪ್ರತಿ ಗುಳಿಗೂ ಬೇರೆ ಬೇರೆ ಅಣು.

ಅಣುಗಳೆಲ್ಲ ಡಿಎಂಎಸ್‌ಒ ಎಂಬ ದ್ರವದಲ್ಲಿ ಕರಗಿರುತ್ತವೆ. ವಿಚಿತ್ರ ದ್ರವ ಇದು. 18 ಡಿಗ್ರಿಯ ಆಸುಪಾಸಿನಲ್ಲೇ ಗಟ್ಟಿಯಾಗುತ್ತದೆ. ಎಸಿ ಜೋರಾಗಿ ಇಟ್ಟ ಕೋಣೆಯಲ್ಲಿ ಬಾಟಲಿಯೊಳಗೆ ಹೆಪ್ಪುಗಟ್ಟಿ ಕೂತಿರುತ್ತದೆ. ಮುಚ್ಚಳ ತೆಗೆದಿಟ್ಟರೆ ಗಾಳಿಯ ತೇವವನ್ನೆಲ್ಲ ಹೀರಿಕೊಳ್ಳುತ್ತದೆ. ಆಗ ಒಳಗಿನ ಅಣು ತಳದಲ್ಲಿ ಹರಳುಗಟ್ಟಿದರೂ ಕಟ್ಟಬಹುದು. ನಾವು 10 ಮೈಕ್ರೋಮೋಲಾರ್ ಸಾಂದ್ರತೆಯಲ್ಲಿ ಹಾಕಿದ್ದೇವೆ ಅಂದುಕೊಂಡಿರುತ್ತೇವೆ, ಕೋಶಕ್ಕೆ ಮುಟ್ಟಿದ್ದು ಅದರಲ್ಲಿ ಕಾಲು ಭಾಗ! ಅದೂ ಅಲ್ಲದೆ, ಡಿಎಂಎಸ್‌ಒ ಜಾಸ್ತಿಯಾದರೆ ಅದೇ ಕೋಶಗಳನ್ನು ಕೊಲ್ಲುತ್ತದೆ. ಹಾಗಾಗಿ ಗುಳಿಗೆ ಹಾಕುವುದು ನ್ಯಾನೋಲೀಟರ್‌ಗಳ ಲೆಕ್ಕದಲ್ಲಿ. ಕೈಯಲ್ಲಿ ಪಿಪೆಟ್ ಹಿಡಿದು ಮಾಡುವ ಕೆಲಸವಲ್ಲ ಅದು. ತೆಳು ಸೂಜಿಗಳ ಸಾಲಿರುವ ಯಂತ್ರವೋ, ಶಬ್ದದ ಅಲೆಯಿಂದ ಹನಿಯನ್ನು ಚಿಮ್ಮಿಸುವ ಯಂತ್ರವೋ ಬೇಕು. ಹೋಲಿಸಿ ನೋಡಲು ಪ್ಲೇಟಿನ ಒಂದೆರಡು ಸಾಲಿಗೆ ಬರೀ ಡಿಎಂಎಸ್‌ಒ ಹಾಕಿರುತ್ತೇವೆ. ಇನ್ನೊಂದೆರಡು ಸಾಲಿಗೆ, ಖಂಡಿತ ಕೊಲ್ಲುತ್ತದೆ ಅಂತ ಗೊತ್ತಿರುವ ಒಂದು ವಿಷ.

ಮೂರು ದಿನ ಕಾಯುವುದು. ಆಮೇಲೆ ಎಷ್ಟು ಬದುಕಿವೆ ಅಂತ ಎಣಿಸಬೇಕು. ಮಿಂಚುಹುಳು ಮಿನುಗುವುದು ಲೂಸಿಫರೇಸ್ ಎಂಬ ಕಿಣ್ವದಿಂದ. ಆ ಕಿಣ್ವಕ್ಕೆ ಕೆಲಸ ಮಾಡಲು ಎಟಿಪಿ, ಅಂದರೆ ಕೋಶಕ್ಕೆ ಶಕ್ತಿ ಕೊಡುವ ಅಣು, ಬೇಕು. ಎಟಿಪಿ ಬದುಕಿರುವ ಕೋಶಗಳಲ್ಲಿ ತುಂಬಿರುತ್ತದೆ, ಸತ್ತವುಗಳಲ್ಲಿ ಬೇಗ ಮುಗಿದುಹೋಗುತ್ತದೆ. ಕೋಶಗಳನ್ನು ಒಡೆದು ಕಿಣ್ವವನ್ನೂ ಅದರ ಜೊತೆಗಾರ ಲೂಸಿಫೆರಿನ್ನನ್ನೂ ಹಾಕಿದರೆ, ಎಲ್ಲಿ ಕೋಶಗಳು ಬದುಕಿದ್ದವೋ ಅಲ್ಲಿ ಬೆಳಕು. ಯಂತ್ರ ಅದನ್ನು ಅಳೆದು 384 ಸಂಖ್ಯೆ ಕೊಡುತ್ತದೆ. ಬೆಳಕು ಕಡಿಮೆಯಾದ ಗುಳಿಗಳನ್ನು ನಾವು ಹಿಟ್ ಅನ್ನುತ್ತೇವೆ.

ಹಿಟ್ ಸಿಕ್ಕಿತು ಅಂತ ಕುಣಿಯುವ ಹಾಗಿಲ್ಲ. ಮೊದಲು ನೋಡುವುದು ಆ ಗುಳಿ ಪ್ಲೇಟಿನ ಅಂಚಿನಲ್ಲಿದೆಯಾ ಅಂತ. ಅಂಚಿನ ಗುಳಿಗಳಲ್ಲಿ ನೀರು ಬೇಗ ಆವಿಯಾಗುತ್ತದೆ, ಉಪ್ಪಿನ ಅಂಶ ಏರುತ್ತದೆ, ಕೋಶ ಸುಮ್ನೆ ಸಾಯುತ್ತದೆ. ಹಾಗಾಗಿ ಎಷ್ಟೋ ಲ್ಯಾಬುಗಳಲ್ಲಿ ಸುತ್ತಲಿನ ಸಾಲನ್ನು ಬಳಸುವುದೇ ಇಲ್ಲ, ಬರೀ ಮೀಡಿಯಂ ತುಂಬಿಸಿ ಬಿಡುತ್ತಾರೆ. ಆಮೇಲೆ ನೋಡುವುದು, ಬದುಕಿದ ಸಾಲಿಗೂ ಸತ್ತ ಸಾಲಿಗೂ ನಡುವೆ ಸಾಕಷ್ಟು ಅಂತರ ಇದೆಯಾ ಅಂತ. ಇದಕ್ಕೆ 1999ರಲ್ಲಿ ಜಾಂಗ್, ಚಂಗ್, ಓಲ್ಡನ್‌ಬರ್ಗ್ ಎಂಬ ಮೂವರು ಒಂದು ಸೂತ್ರ ಕೊಟ್ಟರು, ಝೀ ಪ್ರೈಮ್ ಅಂತ. ಅದು 0.5ಕ್ಕಿಂತ ಮೇಲಿದ್ದರೆ ಪ್ಲೇಟು ಚೆನ್ನಾಗಿದೆ ಅಂತ ಲೆಕ್ಕ. ಇಲ್ಲದಿದ್ದರೆ ಎಷ್ಟೇ ಆಸೆ ಹುಟ್ಟಿಸುವ ಹಿಟ್ ಇದ್ದರೂ ಆ ಪ್ಲೇಟನ್ನು ಎಸೆಯುವುದು.

ಅಷ್ಟಾದರೂ ಮೋಸ ಮಾಡುವ ಅಣುಗಳಿರುತ್ತವೆ. ಕೆಲವು ಕೋಶವನ್ನು ಮುಟ್ಟಿರುವುದೇ ಇಲ್ಲ, ಆ ಮಿಂಚುಹುಳುವಿನ ಕಿಣ್ವವನ್ನು ತಡೆದಿರುತ್ತವೆ. ಬೆಳಕು ಬರಲಿಲ್ಲ, ಕೋಶ ಸತ್ತಿತು ಅಂತ ನಾವು ಬರೆದುಕೊಳ್ಳುತ್ತೇವೆ. ಕೆಲವಕ್ಕೆ ತಮ್ಮದೇ ಬಣ್ಣ, ಅದು ಬೆಳಕಿನ ಅಳತೆಯನ್ನೇ ಕೆಡಿಸುತ್ತದೆ. ಕೆಲವು ಒಂದಕ್ಕೊಂದು ಅಂಟಿಕೊಂಡು ಮುದ್ದೆಯಾಗಿ ಸಿಕ್ಕ ಸಿಕ್ಕ ಪ್ರೋಟೀನುಗಳನ್ನೆಲ್ಲ ಹಿಡಿದುಕೊಳ್ಳುತ್ತವೆ. 2010ರಲ್ಲಿ ಬೇಲ್ ಮತ್ತು ಹಾಲೋವೇ ಎಂಬ ಆಸ್ಟ್ರೇಲಿಯಾದ ಇಬ್ಬರು ವಿಜ್ಞಾನಿಗಳು ಇಂಥ ಅಣುಗಳ ರಚನೆಗಳನ್ನು ಪಟ್ಟಿ ಮಾಡಿದರು. ಯಾವ ಪರೀಕ್ಷೆಯಲ್ಲಿ ಹಾಕಿದರೂ ಪಾಸಾಗುವ ಅಣುವನ್ನು ನಂಬಬೇಡಿ ಅನ್ನುವುದು ಅದರ ಸಾರ.

ಇಲ್ಲಿ ನಮ್ಮ ಅರಿಶಿನದ ವಿಷಯ ಬಂತು. ಕೇಳಿದವರಿಗೆ ಬೇಜಾರಾಗಬಹುದು, ಆದರೂ ಹೇಳಲೇಬೇಕು. ಅರಿಶಿನದ ಹಳದಿ ಬಣ್ಣ ಕೊಡುವ ಕರ್ಕ್ಯುಮಿನ್ ಹೀಗೆ ಎಲ್ಲ ಪರೀಕ್ಷೆಯಲ್ಲೂ ಪಾಸಾಗುವ ಅಣು. ಅದಕ್ಕೆ ಬಣ್ಣ ಇದೆ, ಬೆಳಕಿಗೆ ಹೊಳೆಯುತ್ತದೆ, ಪ್ರೋಟೀನುಗಳ ಜೊತೆ ರಾಸಾಯನಿಕವಾಗಿ ಅಂಟಿಕೊಳ್ಳುತ್ತದೆ, ಮೀಡಿಯಂನಲ್ಲಿ ಕೆಲವೇ ನಿಮಿಷಗಳಲ್ಲಿ ಒಡೆಯಲು ಶುರುವಾಗುತ್ತದೆ. ಪ್ಲೇಟಿನಲ್ಲಿ ಕೋಶಗಳನ್ನು ಕೊಲ್ಲುವಷ್ಟು ಪ್ರಮಾಣ ರಕ್ತದಲ್ಲಿ ಬರಬೇಕಲ್ವಾ? ಗ್ರಾಂಗಟ್ಟಲೆ ನುಂಗಿದರೂ ಬರುವುದು ಕಷ್ಟ. 2017ರಲ್ಲಿ ರಸಾಯನ ವಿಜ್ಞಾನಿಗಳ ಒಂದು ತಂಡ ಅಲ್ಲಿಯವರೆಗಿನ ಕೆಲಸವನ್ನೆಲ್ಲ ಕೂತು ಓದಿತು. ನೂರಕ್ಕೂ ಹೆಚ್ಚು ಕ್ಲಿನಿಕಲ್ ಟ್ರಯಲ್‌ಗಳು ನಡೆದಿದ್ದರೂ, ಔಷಧವಿಲ್ಲದ ಸುಳ್ಳು ಮಾತ್ರೆಯ ಜೊತೆ ಕಟ್ಟುನಿಟ್ಟಾಗಿ ಹೋಲಿಸಿ ನೋಡಿದ ಒಂದರಲ್ಲೂ ಕರ್ಕ್ಯುಮಿನ್ ಗೆದ್ದಿಲ್ಲ ಅಂತ ಬರೆಯಿತು. ಸಾರಿಗೆ ಅರಿಶಿನ ಹಾಕುವುದನ್ನು ಬಿಡಿ ಅಂತ ನಾನು ಹೇಳುತ್ತಿಲ್ಲ. ನಮ್ಮ ಮನೆಯಲ್ಲೂ ಹಾಕುತ್ತೇವೆ.

ಗಿಡಮರಗಳಿಂದ ಔಷಧ ಬರುವುದೇ ಇಲ್ಲ ಅಂತ ಇದರ ಅರ್ಥ ಅಲ್ಲ. ನಿಮ್ಮ ಹಿತ್ತಲಿನ ನಿತ್ಯಪುಷ್ಪ ನೋಡಿ. ಅದರ ಎಲೆ ಸಕ್ಕರೆ ಕಾಯಿಲೆಗೆ ಒಳ್ಳೆಯದು ಅಂತ ಕೇಳಿ ಕೆನಡಾದ ನೋಬಲ್ ಮತ್ತು ಬಿಯರ್ ಇಲಿಗಳಿಗೆ ಕೊಟ್ಟು ನೋಡಿದರು. ಸಕ್ಕರೆ ಇಳಿಯಲಿಲ್ಲ, ಬಿಳಿ ರಕ್ತಕಣ ಇಳಿಯಿತು. 1958ರಲ್ಲಿ ವಿನ್‌ಬ್ಲಾಸ್ಟಿನ್ ಎಂಬ ಅಣು ಸಿಕ್ಕಿದ್ದು ಹಾಗೆ, ಮುಂದೆ ಅದು ಕ್ಯಾನ್ಸರಿನ ಔಷಧವಾಯಿತು. ಪಶ್ಚಿಮ ಘಟ್ಟದ ಕಾಡಿನಲ್ಲಿ ನೋಥಾಪೊಡೈಟಿಸ್ ಎಂಬ ಕೆಟ್ಟ ವಾಸನೆಯ ಮರ ಇದೆ. ಅದರಲ್ಲಿ ಕ್ಯಾಂಪ್ಟೊಥೆಸಿನ್ ಎಂಬ ಅಣು ಸಿಗುತ್ತದೆ. ಟೋಪೋಟೆಕಾನ್, ಇರಿನೋಟೆಕಾನ್ ಎಂಬ ಕ್ಯಾನ್ಸರ್ ಔಷಧಗಳು ಆ ಅಣುವಿನ ಮಕ್ಕಳೇ. ಈ ಮರಗಳಲ್ಲಿ ಅದು ಎಲ್ಲೆಲ್ಲಿ ಎಷ್ಟೆಷ್ಟು ಇದೆ ಅಂತ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹುಡುಕಾಡಿದ್ದಾರೆ. ಆದರೆ ಅಣುವನ್ನು ಮೊದಲು ಬೇರ್ಪಡಿಸಿದ್ದು 1966ರಲ್ಲಿ, ಚೀನಾ ಮೂಲದ ಇನ್ನೊಂದು ಮರದಿಂದ. ಮಾಡಿದವರು ಅಮೆರಿಕದ ನಾರ್ತ್ ಕೆರೊಲಿನಾದಲ್ಲಿದ್ದ ಮನ್ರೋ ವಾಲ್ ಮತ್ತು ನಮ್ಮ ಪಕ್ಕದ ಮಹಾರಾಷ್ಟ್ರದ ನಂದುರಬಾರ್‌ನಿಂದ ಹೋದ ಮನ್ಸುಖ್ ವಾನಿ.

ಇದೇ ಇಬ್ಬರು ಟ್ಯಾಕ್ಸಾಲ್ ಎಂಬ ಕ್ಯಾನ್ಸರ್ ಔಷಧವನ್ನು ಹುಡುಕಿದ ಕಥೆ ಶುರುವಾಗುವುದೂ ಕೋಶಗಳಿಂದಲೇ. 1962ರಲ್ಲಿ ಅಮೆರಿಕದ ಕೃಷಿ ಇಲಾಖೆಯ ಸಸ್ಯವಿಜ್ಞಾನಿಯೊಬ್ಬರು ವಾಷಿಂಗ್ಟನ್ ರಾಜ್ಯದ ಕಾಡಿನಿಂದ ಯೂ ಮರದ ತೊಗಟೆ ತಂದರು. 1964ರಲ್ಲಿ ಅದರ ಕಷಾಯ ಕೆಬಿ ಎಂಬ ಕೋಶಗಳನ್ನು ಕೊಲ್ಲುವುದು ಕಂಡಿತು. ಆಮೇಲೆ ಕಷಾಯವನ್ನು ಭಾಗ ಮಾಡುವುದು, ಯಾವ ಭಾಗ ಕ್ಯಾನ್ಸರನ್ನು ಜಾಸ್ತಿ ತಡೆಯುತ್ತದೋ ಅದನ್ನು ಮತ್ತೆ ಭಾಗ ಮಾಡುವುದು. ಹೀಗೇ ಸಾಗಿ ವಾಲ್ ಮತ್ತು ವಾನಿ ಒಂದೇ ಅಣುವಿಗೆ ಬಂದು ನಿಂತರು, ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದರು. ಅದು ಹೇಗೆ ಕೊಲ್ಲುತ್ತದೆ ಅಂತ ಸೂಸನ್ ಹೊರ್ವಿಟ್ಜ್ ತೋರಿಸಿದ್ದು 1979ರಲ್ಲಿ. ಅಂಡಾಶಯದ ಕ್ಯಾನ್ಸರಿಗೆ ಒಪ್ಪಿಗೆ ಸಿಕ್ಕಿದ್ದು 1992ರಲ್ಲಿ. ತೊಗಟೆಯಿಂದ ಡ್ರಿಪ್ಪಿಗೆ ಮೂವತ್ತು ವರ್ಷ.

ಇದರಲ್ಲೊಂದು ತಮಾಷೆ ಇದೆ. ಕೆಬಿ ಕೋಶಗಳು ಬಾಯಿಯ ಕ್ಯಾನ್ಸರಿನವು ಅಂತ ಎಲ್ಲರೂ ನಂಬಿದ್ದರು. ಅಲ್ಲ, ಅವು ಹೀಲಾ ಕೋಶಗಳು. 1951ರಲ್ಲಿ ಬಾಲ್ಟಿಮೋರಿನ ಆಸ್ಪತ್ರೆಯಲ್ಲಿ ಹೆನ್ರಿಯೆಟ್ಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗರ್ಭಕಂಠದ ಗೆಡ್ಡೆಯಿಂದ ಅವರನ್ನು ಕೇಳದೆಯೇ ತೆಗೆದ ಕೋಶಗಳು. ಅವು ಎಷ್ಟು ಜೋರಾಗಿ ಬೆಳೆಯುತ್ತವೆ ಅಂದರೆ, ಬೇರೆ ಕೋಶಗಳ ಫ್ಲಾಸ್ಕಿಗೆ ಒಂದಷ್ಟು ಬಿದ್ದರೆ ಸಾಕು, ಮೊದಲಿದ್ದವನ್ನೆಲ್ಲ ಹಿಂದೆ ಹಾಕಿ ತಾವೇ ತುಂಬಿಕೊಳ್ಳುತ್ತವೆ. 1960ರ ದಶಕದಲ್ಲಿ ಗಾರ್ಟ್‌ಲರ್ ಎಂಬುವವರು ಇದನ್ನು ಬಯಲಿಗೆ ತಂದಾಗ ಎಷ್ಟೋ ಲ್ಯಾಬುಗಳು ತಲೆ ಮೇಲೆ ಕೈ ಹೊತ್ತು ಕೂತವು. ಇವತ್ತಿಗೂ ಈ ಕಾಟ ಮುಗಿದಿಲ್ಲ. ಹಾಗಾಗಿ ಈಗ ಯಾವುದೇ ಸೆಲ್ ಲೈನ್, ಅಂದರೆ ಒಂದೇ ಮೂಲದಿಂದ ಲ್ಯಾಬಿನಲ್ಲಿ ಬೆಳೆಸುತ್ತಾ ಬಂದ ಕೋಶಗಳ ವಂಶ, ಬಳಸುವ ಮುಂಚೆ ಅದರ ಡಿಎನ್‌ಎ ಗುರುತು ಪರೀಕ್ಷೆ ಮಾಡಿಸುತ್ತೇವೆ.

1990ರಿಂದ ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆ ಒಂದೇ ಬಗೆಯ ಕೋಶಕ್ಕೆ ಬದಲು 60 ಬಗೆಯ ಸೆಲ್ ಲೈನುಗಳ ಮೇಲೆ ಅಣುಗಳನ್ನು ಪರೀಕ್ಷೆ ಮಾಡಲು ಶುರು ಮಾಡಿತು. ಶ್ವಾಸಕೋಶ, ಸ್ತನ, ದೊಡ್ಡ ಕರುಳು, ಮೆದುಳು ಹೀಗೆ ಒಂಬತ್ತು ಕಡೆಯ ಕ್ಯಾನ್ಸರುಗಳು. ಅಲ್ಲಿ ಕೆನೆತ್ ಪಾಲ್ ಎಂಬುವವರು ಒಂದು ಚಂದದ ವಿಷಯ ಗಮನಿಸಿದರು. ಒಂದು ಅಣು 60ರಲ್ಲಿ ಯಾವುದನ್ನು ಕೊಂದಿತು, ಯಾವುದನ್ನು ಬಿಟ್ಟಿತು ಎಂಬ ವಿನ್ಯಾಸ ಇದೆಯಲ್ಲ, ಒಂದೇ ರೀತಿ ಕೆಲಸ ಮಾಡುವ ಅಣುಗಳಲ್ಲಿ ಅದೂ ಒಂದೇ ಥರ ಇರುತ್ತದೆ. ಅಂದರೆ ಹೊಸ ಅಣುವಿನ ವಿನ್ಯಾಸ ಟ್ಯಾಕ್ಸಾಲ್‌ನದ್ದರ ಹಾಗೆ ಕಂಡರೆ, ಅದು ಕೆಲಸ ಮಾಡುವುದೂ ಹಾಗೆಯೇ ಇರಬಹುದು. ಬದುಕಿ ಉಳಿದ ಕೋಶಗಳಿಂದ ಇಷ್ಟೊಂದು ಮಾಹಿತಿ ಹೊರಡಬಹುದು ಅಂತ ಅದುವರೆಗೆ ಯಾರೂ ಹೀಗೆ ಲೆಕ್ಕ ಹಾಕಿ ತೋರಿಸಿರಲಿಲ್ಲ.

ಈಗ ಮುಖ್ಯ ಕಥೆಗೆ ಬರುತ್ತೇನೆ. ಇದನ್ನೇ ಹೇಳಬೇಕು ಅಂತ ಬಂದದ್ದು.

ಬಾಸ್ಟನ್ ಪಕ್ಕದ ಕೇಂಬ್ರಿಜ್‌ನಲ್ಲಿ ಬ್ರಾಡ್ ಇನ್‌ಸ್ಟಿಟ್ಯೂಟ್ ಇದೆ. ಅಲ್ಲಿ ಮ್ಯಾಥ್ಯೂ ಮೇಯರ್‌ಸನ್, ಹೈಡಿ ಗ್ರೂಲಿಕ್, ಲುಕ್ ಡಿ ವಾಲ್ ಇದ್ದ ತಂಡಕ್ಕೆ ಒಂದು ಆಸೆ ಇತ್ತು. ಪಿ53 ಎಂಬ ಪ್ರೋಟೀನ್ ನಮ್ಮ ಕೋಶಗಳನ್ನು ಕ್ಯಾನ್ಸರಿನಿಂದ ಕಾಯುತ್ತದೆ. ಸುಮಾರು ಅರ್ಧದಷ್ಟು ಕ್ಯಾನ್ಸರುಗಳಲ್ಲಿ ಅದು ಕೆಟ್ಟಿರುತ್ತದೆ. ಅದು ಕೆಟ್ಟಿರುವ ಕೋಶಗಳನ್ನು ಮಾತ್ರ ಕೊಂದು, ಸರಿ ಇರುವವನ್ನು ಬಿಡುವ ಅಣು ಸಿಕ್ಕರೆ ಎಷ್ಟು ಚೆನ್ನ! ಎರಡು ಶ್ವಾಸಕೋಶ ಕ್ಯಾನ್ಸರಿನ ಸೆಲ್ ಲೈನುಗಳನ್ನು ಆರಿಸಿದರು. ಒಂದು ಎ549. ಅದು 1972ರಲ್ಲಿ 58 ವರ್ಷದ ಗಂಡಸಿನ ಗೆಡ್ಡೆಯಿಂದ ಬೆಳೆಸಿದ್ದು, ಪಿ53 ಸರಿ ಇದೆ. ಇನ್ನೊಂದು ಎಚ್1734, ಅದರಲ್ಲಿ ಕೆಟ್ಟಿದೆ. ಸುಮಾರು ಎರಡು ಸಾವಿರ ಅಣುಗಳನ್ನು ಎರಡರ ಮೇಲೂ ಹಾಕಿದರು. ಎರಡನೆಯದನ್ನು ಕೊಂದು ಮೊದಲನೆಯದನ್ನು ಸುಮ್ಮನೆ ಬಿಟ್ಟ ಒಂದು ಅಣು ಸಿಕ್ಕಿತು. ಅದರ ಪೂರ್ತಿ ಹೆಸರು ಹೇಳಲು ಹೋದರೆ ನಾಲಿಗೆ ತಿರುಚಿಕೊಳ್ಳುತ್ತದೆ. ಚಿಕ್ಕದಾಗಿ ಡಿಎನ್‌ಎಂಡಿಪಿ.

ಎರಡು ಸೆಲ್ ಲೈನುಗಳ ನಡುವೆ ಪಿ53 ಒಂದೇ ಅಲ್ಲ, ಸಾವಿರಾರು ವ್ಯತ್ಯಾಸಗಳಿರುತ್ತವೆ. ಯಾವುದರಿಂದ ಸತ್ತಿತು ಅಂತ ಎರಡನ್ನೇ ನೋಡಿ ಹೇಳಲಾಗದು. ಹಾಗಾಗಿ ಅವರು ಏಳುನೂರಕ್ಕೂ ಹೆಚ್ಚು ಸೆಲ್ ಲೈನುಗಳ ಮೇಲೆ ಇದನ್ನು ಹಾಕಿದರು. ಅವುಗಳಲ್ಲಿ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂಬ ದಾಖಲೆ ಆಗಲೇ ಇತ್ತು. ಸತ್ತವು ಯಾವುವು, ಉಳಿದವು ಯಾವುವು ಅಂತ ಆ ದಾಖಲೆಯ ಜೊತೆ ಇಟ್ಟು ನೋಡಿದರೆ, ಪಿ53ಗೂ ಇದಕ್ಕೂ ಸಂಬಂಧವೇ ಇಲ್ಲ! ಬೇರೊಂದು ಹೆಸರು ಎದ್ದು ಕಂಡಿತು. ಪಿಡಿಇ3ಎ. ಅದು ಹೇರಳವಾಗಿದ್ದ ಕೋಶಗಳೇ ಸತ್ತಿದ್ದವು.

ಪಿಡಿಇ3ಎ ಹಳೆಯ ಪರಿಚಯದ ಕಿಣ್ವ. ಅದನ್ನು ತಡೆಯುವ ಔಷಧಗಳು ಹೃದಯಕ್ಕೆ, ಕಾಲಿನ ರಕ್ತನಾಳದ ತೊಂದರೆಗೆ ಆಗಲೇ ಬಳಕೆಯಲ್ಲಿವೆ. ಡಿಎನ್‌ಎಂಡಿಪಿ ಕೂಡ ಅದನ್ನು ತಡೆಯುತ್ತದೆ. ಸರಿ, ಈ ಕ್ಯಾನ್ಸರ್ ಕೋಶಗಳಿಗೆ ಪಿಡಿಇ3ಎ ಬೇಕೇ ಬೇಕು, ತಡೆದರೆ ಸಾಯುತ್ತವೆ ಅಂತ ಯಾರಾದರೂ ಅಂದುಕೊಳ್ಳುತ್ತಾರೆ.

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ, ಯಾಕೆಂದರೆ ಮಜಾ ಇರುವುದು ಇಲ್ಲೇ. ಪಿಡಿಇ3ಎಯನ್ನು ತಡೆಯುವ ಬೇರೆ ಅಣುಗಳನ್ನು ಹಾಕಿ ನೋಡಿದರು. ಕಿಣ್ವವನ್ನು ಅವು ಚೆನ್ನಾಗಿಯೇ ತಡೆದವು, ಆದರೆ ಹೆಚ್ಚಿನವುಗಳಿಂದ ಕೋಶಗಳಿಗೆ ಏನೂ ಆಗಲಿಲ್ಲ. ಅಷ್ಟೇ ಅಲ್ಲ, ಅಂಥ ಅಣು ಜೊತೆಯಲ್ಲಿದ್ದರೆ ಡಿಎನ್‌ಎಂಡಿಪಿಯೂ ಕೊಲ್ಲಲಾರದೆ ಹೋಯಿತು! ಆಮೇಲೆ ಜೀನುಗಳನ್ನು ಕತ್ತರಿಸುವ ಕ್ರಿಸ್ಪರ್ ಎಂಬ ತಂತ್ರ ಬಳಸಿ ಪಿಡಿಇ3ಎ ಜೀನನ್ನೇ ಕೆಡಿಸಿದರು. ಆ ಪ್ರೋಟೀನ್ ಇಲ್ಲದೆಯೂ ಕೋಶಗಳು ಹಾಯಾಗಿ ಬೆಳೆದವು. ಈಗ ಅವಕ್ಕೆ ಡಿಎನ್‌ಎಂಡಿಪಿ ಹಾಕಿದರೆ ಸಾಯುವುದೂ ಇಲ್ಲ.

ಏನರ್ಥ ಇದಕ್ಕೆ? ಕೋಶ ಸತ್ತದ್ದು ಪಿಡಿಇ3ಎ ನಿಂತುಹೋಗಿದ್ದರಿಂದ ಅಲ್ಲ. ಪಿಡಿಇ3ಎ ಇದ್ದದ್ದರಿಂದಲೇ. ಅಣು ಆ ಪ್ರೋಟೀನಿಗೆ ಹೊಸದೊಂದು ಕೆಟ್ಟ ಕೆಲಸ ಹಚ್ಚಿತ್ತು.

ಆ ಕೆಲಸ ಏನು ಅಂತ ತಿಳಿಯಲು ಪಿಡಿಇ3ಎಯನ್ನು ಕೋಶದಿಂದ ಹೊರಗೆಳೆದು, ಅದರ ಜೊತೆ ಯಾವ ಪ್ರೋಟೀನುಗಳು ಅಂಟಿಕೊಂಡು ಬರುತ್ತವೆ ನೋಡಿದರು. ಡಿಎನ್‌ಎಂಡಿಪಿ ಹಾಕಿದಾಗ ಮಾತ್ರ ಎಸ್‌ಎಲ್‌ಎಫ್‌ಎನ್12 ಎಂಬ ಪ್ರೋಟೀನ್ ಜೊತೆಗೆ ಬಂತು. ಅಣು ಪಿಡಿಇ3ಎಯ ಒಳಗಿನ ಸಂದಿಯಲ್ಲಿ ಕೂತು, ಅದರ ಮುಖವನ್ನು ಈ ಇನ್ನೊಂದಕ್ಕೆ ಅಂಟುವ ಹಾಗೆ ಮಾಡುತ್ತದೆ. ಶಾಲಾ ಚೀಲದ ಮೇಲೆ ಪರ್ ಅಂತ ಕೀಳುವ ವೆಲ್ಕ್ರೋ ಪಟ್ಟಿ ಇರುತ್ತದಲ್ಲ, ಹಾಗೆ ಎರಡೂ ಕಚ್ಚಿಕೊಳ್ಳುತ್ತವೆ. ಆ ತಂಡ ಇಂಥ ಅಣುಗಳಿಗೆ ವೆಲ್ಕ್ರಿನ್ ಅಂತಲೇ ಹೆಸರಿಟ್ಟಿದೆ. ಎರಡೂ ಪ್ರೋಟೀನ್ ಇದ್ದರೆ ಕೋಶ ಸಾಯುತ್ತದೆ. ಒಂದು ಇಲ್ಲದಿದ್ದರೂ ಬದುಕುತ್ತದೆ. ಇದಿಷ್ಟು 2016ರ ಪ್ರಬಂಧ. 2021ರಲ್ಲಿ ಎರಡೂ ಅಂಟಿಕೊಂಡ ರಚನೆಯ ಚಿತ್ರ ಸಿಕ್ಕಿತು. 2023ರಲ್ಲಿ ಸಾವಿನ ಕಾರಣವೂ ತಿಳಿಯಿತು. ಎಸ್‌ಎಲ್‌ಎಫ್‌ಎನ್12 ಆರ್‌ಎನ್‌ಎ ಕತ್ತರಿಸುವ ಕಿಣ್ವ. ಅಂಟಿಕೊಂಡ ಮೇಲೆ ಅದು ಚುರುಕಾಗಿ, ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನು ಹೊತ್ತು ತರುವ ಒಂದು ಟಿಆರ್‌ಎನ್‌ಎಯನ್ನು ಕತ್ತರಿಸುತ್ತದೆ. ಪ್ರೋಟೀನ್ ತಯಾರಿಕೆ ನಿಲ್ಲುತ್ತದೆ. ಕೋಶ ಮುಗಿಯಿತು.

ಯೋಚಿಸಿ, ಇದನ್ನು ಮೊದಲೇ ಯೋಜನೆ ಹಾಕಿ ಹುಡುಕಲು ಸಾಧ್ಯವಿತ್ತಾ? ಈ ಎರಡು ಪ್ರೋಟೀನುಗಳನ್ನು ಅಂಟಿಸಿದರೆ ಕೋಶ ಸಾಯುತ್ತದೆ ಅಂತ ಯಾವ ಮೇಷ್ಟ್ರಿಗೂ ಹೊಳೆದಿರಲಾರದು. ಪ್ರೋಟೀನನ್ನು ಒಂಟಿಯಾಗಿ ಟ್ಯೂಬಿನಲ್ಲಿಟ್ಟು ಹುಡುಕಿದ್ದರೆ ಡಿಎನ್‌ಎಂಡಿಪಿ ಇನ್ನೊಂದು ಮಾಮೂಲಿ ತಡೆಗಾರ ಅಷ್ಟೇ ಆಗಿ ಕಾಣುತ್ತಿತ್ತು. ಕೋಶದೊಳಗೆ ಹಾಕಿದ್ದಕ್ಕೇ ಇದು ಹೊರಬಂದದ್ದು.

ಇನ್ನು ರೋಗಿಗಳ ವಿಷಯ. ಬಾಯರ್ ಕಂಪನಿ ಈ ತಂಡದ ಜೊತೆ ಸೇರಿ ಅಣುವನ್ನು ತಿದ್ದಿ ತೀಡಿತು. ಬಿಎವೈ 2666605 ಎಂಬ ಮಾತ್ರೆ ತಯಾರಾಯಿತು. 2021ರಲ್ಲಿ ಟ್ರಯಲ್ ಶುರುವಾಯಿತು. ಯಾರೆಂದರೆ ಅವರಿಗೆ ಕೊಡಲಿಲ್ಲ. ಗೆಡ್ಡೆಯಲ್ಲಿ ಎರಡೂ ಪ್ರೋಟೀನುಗಳಿವೆ ಅಂತ ಪರೀಕ್ಷೆ ಮಾಡಿ, ಅಂಥವರನ್ನೇ ಆರಿಸಿದರು. ಕಾಗದದ ಮೇಲೆ ಇದಕ್ಕಿಂತ ಜಾಣ ಟ್ರಯಲ್ ಇರಲಾರದು.

ಬೆರಳೆಣಿಕೆಯ ರೋಗಿಗಳಿಗೆ ಕೊಡುವಷ್ಟರಲ್ಲೇ ಪ್ಲೇಟ್‌ಲೆಟ್ ಇಳಿಯಲು ಶುರುವಾಯಿತು. ಡೆಂಗಿ ಬಂದ ಮನೆಯವರಿಗೆ ಪ್ಲೇಟ್‌ಲೆಟ್ ಕೌಂಟ್ ಇಳಿದರೆ ಎಷ್ಟು ಭಯ ಅಂತ ನಾನು ಹೇಳಬೇಕಿಲ್ಲ. ಗೆಡ್ಡೆಯನ್ನು ಮುಟ್ಟುವಷ್ಟು ಔಷಧ ರಕ್ತದಲ್ಲಿ ಏರುವ ಮುಂಚೆಯೇ ಪ್ಲೇಟ್‌ಲೆಟ್ ಇಳಿಯುತ್ತಿತ್ತು. ಡೋಸ್ ಏರಿಸುವ ಹಾಗಿರಲಿಲ್ಲ. ಟ್ರಯಲ್ ನಿಲ್ಲಿಸಿದರು.

ಕಾರಣ? ನಮ್ಮ ಮೂಳೆಯ ಮಜ್ಜೆಯಲ್ಲಿ ಮೆಗಾಕ್ಯಾರಿಯೊಸೈಟ್ ಎಂಬ ದೊಡ್ಡ ದೊಡ್ಡ ಕೋಶಗಳಿವೆ. ಪ್ಲೇಟ್‌ಲೆಟ್‌ಗಳು ಅವುಗಳಿಂದಲೇ ತುಂಡು ತುಂಡಾಗಿ ಹೊರಬರುವುದು. ಆ ಕೋಶಗಳಲ್ಲಿ ಪಿಡಿಇ3ಎಯೂ ಇದೆ, ಎಸ್‌ಎಲ್‌ಎಫ್‌ಎನ್12 ಕೂಡ ಇದೆ. ಅಂದರೆ ಔಷಧ ದಾರಿ ತಪ್ಪಿರಲಿಲ್ಲ. ಯಾವ ಕೆಲಸಕ್ಕೆ ಕಳಿಸಿದ್ದರೋ ಅದನ್ನೇ ಮಾಡಿತ್ತು, ಬೇಡದ ಜಾಗದಲ್ಲಿ. ಏಳುನೂರು ಸೆಲ್ ಲೈನುಗಳೆಲ್ಲ ಕ್ಯಾನ್ಸರಿನವು. ಮಜ್ಜೆಯಲ್ಲಿ ತನ್ನ ಪಾಡಿಗೆ ಪ್ಲೇಟ್‌ಲೆಟ್ ತಯಾರಿಸುವ ಆರೋಗ್ಯವಂತ ಕೋಶ ಆ ಪ್ಲೇಟುಗಳಲ್ಲಿ ಇರಲಿಲ್ಲ.

ಇನ್ನೂ ಒಂದಿದೆ. ಅನಾಗ್ರೆಲೈಡ್ ಎಂಬ ಹಳೆಯ ಮಾತ್ರೆಯನ್ನು 1997ರಿಂದ ಅಮೆರಿಕದಲ್ಲಿ ಪ್ಲೇಟ್‌ಲೆಟ್ ಅತಿಯಾಗಿ ಏರುವ ರೋಗಿಗಳಿಗೆ ಕೊಡುತ್ತಿದ್ದಾರೆ, ಇಳಿಸುವುದಕ್ಕೇ. ಅದು ಪಿಡಿಇ3ಎಯನ್ನು ಹಿಡಿಯುವ ಅಣು. ಅದೂ ಈ ಎರಡು ಪ್ರೋಟೀನುಗಳನ್ನು ಅಂಟಿಸುತ್ತದೆ ಅಂತ ಗೊತ್ತಾಗಿದೆ. ಸುಳಿವು ಔಷಧದ ಅಂಗಡಿಯಲ್ಲೇ ಇತ್ತು ಅನ್ನಬಹುದು. ನಡೆದ ಮೇಲೆ ಹೀಗೆ ಹೇಳುವುದು ಎಲ್ಲರಿಗೂ ಸುಲಭ ಬಿಡಿ.

ಇನ್ನು ಪ್ರಶ್ನೆಗಳು.

ಒಬ್ಬ ವಿದ್ಯಾರ್ಥಿನಿ ಕೇಳಿದರು: ಹಾಗಾದರೆ ದೇಹದ ಎಲ್ಲ ಬಗೆಯ ಒಳ್ಳೆಯ ಕೋಶಗಳನ್ನೂ ಮೊದಲೇ ಪ್ಲೇಟಿಗೆ ಹಾಕಿ ನೋಡಬಾರದೇ ಸರ್?

ಒಳ್ಳೆಯ ಪ್ರಶ್ನೆ. ಹಾಕಬೇಕು, ಆದರೆ ಸುಲಭ ಅಲ್ಲ. ಕ್ಯಾನ್ಸರ್ ಕೋಶ ಕೊನೆಯಿಲ್ಲದೆ ಬೆಳೆಯುತ್ತದೆ, ಸ್ನೇಹಿತರ ಲ್ಯಾಬಿನಿಂದ ಒಂದು ಟ್ಯೂಬ್ ತಂದರೆ ಜೀವಮಾನಕ್ಕೆ ಸಾಕು. ಒಳ್ಳೆಯ ಕೋಶ ಹಾಗಲ್ಲ. ಹೃದಯದ ಸ್ನಾಯುಕೋಶ ವಿಭಜನೆ ಆಗುವುದೇ ಅಪರೂಪ. ಮೆಗಾಕ್ಯಾರಿಯೊಸೈಟ್ ಬೇಕು ಅಂದರೆ ಮಜ್ಜೆಯಿಂದಲೋ ಹೊಕ್ಕುಳಬಳ್ಳಿಯ ರಕ್ತದಿಂದಲೋ ಕಾಂಡಕೋಶ ತೆಗೆದು, ಬೇಕಾದ ಪ್ರೋಟೀನುಗಳನ್ನು ಕೊಡುತ್ತಾ ವಾರಗಟ್ಟಲೆ ಬೆಳೆಸಬೇಕು. ಎರಡು ಸಾವಿರ ಅಣುಗಳಿಗೆ ಹಾಗೆ ಮಾಡಲು ಕೈ, ಕಾಸು ಎರಡೂ ಸಾಲದು. ಆದರೆ ಎಲ್ಲ ಸೋಸಿದ ಮೇಲೆ ಕೊನೆಗೆ ಉಳಿಯುವ ನಾಲ್ಕೈದು ಅಣುಗಳಿಗೆ ಮಾಡಬಹುದು. ಅಣು ಹಿಡಿಯುವ ಪ್ರೋಟೀನ್ ದೇಹದ ಯಾವ ಯಾವ ಅಂಗಾಂಶದಲ್ಲಿದೆ ಎಂಬ ನಕ್ಷೆಗಳೂ ಈಗ ಎಲ್ಲರಿಗೂ ಸಿಗುತ್ತವೆ. ಪ್ರಯೋಗಕ್ಕೆ ಕೈ ಹಾಕುವ ಮುಂಚೆ ಅದನ್ನು ತೆರೆದು ನೋಡುವುದಕ್ಕೆ ದುಡ್ಡು ಬೇಕಿಲ್ಲ.

ಹಿರಿಯರೊಬ್ಬರು ಕೇಳಿದರು: ಕೀಮೋ ನಡೆಯುವಾಗ ಜೊತೆಗೆ ಅರಿಶಿನದ ಕ್ಯಾಪ್ಸೂಲ್ ತಗೊಂಡರೆ ನಷ್ಟವೇನು?

ಅಂಗಡಿಯಲ್ಲಿ ಸಿಗುವ ಎಷ್ಟೋ ಕ್ಯಾಪ್ಸೂಲುಗಳಲ್ಲಿ ಕರ್ಕ್ಯುಮಿನ್ ಜೊತೆ ಕರಿಮೆಣಸಿನ ಪೈಪರಿನ್ ಸೇರಿಸಿರುತ್ತಾರೆ, ರಕ್ತಕ್ಕೆ ಜಾಸ್ತಿ ಸೇರಲಿ ಅಂತ. ಅದೇ ಪೈಪರಿನ್ ಔಷಧಗಳನ್ನು ಒಡೆಯುವ ಕಿಣ್ವಗಳಿಗೂ ಅಡ್ಡಿ ಮಾಡುತ್ತದೆ. ಆಗ ಕೀಮೋ ಔಷಧದ ಮಟ್ಟ ಡಾಕ್ಟರು ಲೆಕ್ಕ ಹಾಕಿದ್ದಕ್ಕಿಂತ ಮೇಲೆ ಹೋಗಬಹುದು. ಅಡುಗೆಯಲ್ಲಿ ಹಾಕುವ ಚಿಟಿಕೆಗೆ ಹೆದರಬೇಕಿಲ್ಲ. ಕ್ಯಾಪ್ಸೂಲ್ ಆದರೆ ನಿಮ್ಮ ಆಂಕಾಲಜಿಸ್ಟ್ ಅವರಿಗೆ ಡಬ್ಬಿಯನ್ನೇ ತೋರಿಸಿ ಕೇಳಿ ಸರ್.

ಇನ್ನೊಬ್ಬರು: ಟ್ರಯಲ್ ನಿಂತಿತು ಅಂದಿರಿ. ಅಲ್ಲಿಗೆ ಆ ಕೆಲಸ ಎಲ್ಲ ನೀರಲ್ಲಿ ಹೋಮವಾಯಿತಾ?

ಆ ಮಾತ್ರೆಯ ಮಟ್ಟಿಗೆ ಹೌದು, ಯಾವ ರೋಗಿಗೂ ಅದರಿಂದ ಲಾಭ ಆಗಲಿಲ್ಲ. ಆದರೆ ಎರಡು ಪ್ರೋಟೀನುಗಳನ್ನು ಅಂಟಿಸುವ ಅಣುಗಳು ಇದೊಂದೇ ಅಲ್ಲ. ಥಾಲಿಡೊಮೈಡ್ ನೆನಪಿರಬಹುದು. 1957ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದು, ಗರ್ಭಿಣಿಯರು ನುಂಗಿ ಸಾವಿರಾರು ಮಕ್ಕಳು ಕೈಕಾಲು ಬೆಳೆಯದೆ ಹುಟ್ಟಿ, 1961ರಲ್ಲಿ ಹಿಂದಕ್ಕೆ ತೆಗೆದ ಮಾತ್ರೆ. ಅದರ ತಮ್ಮ ಲೆನಲಿಡೊಮೈಡ್ ಇವತ್ತು ಮಲ್ಟಿಪಲ್ ಮೈಲೋಮಾ ಎಂಬ ಮಜ್ಜೆಯ ಕ್ಯಾನ್ಸರಿನ ರೋಗಿಗಳಿಗೆ ದೊಡ್ಡ ಆಸರೆ, ನಮ್ಮ ಊರುಗಳಲ್ಲೂ ನುಂಗುವವರಿದ್ದಾರೆ. ಅದು ಸೆರೆಬ್ಲಾನ್ ಎಂಬ ಪ್ರೋಟೀನಿಗೆ ಇನ್ನೆರಡನ್ನು ಅಂಟಿಸಿ ನಾಶ ಮಾಡಿಸುತ್ತದೆ. ಅಂಟು ಅಂತ ಗೊತ್ತಾಗಿದ್ದು ಅದು ಬಳಕೆಗೆ ಬಂದು ಎಷ್ಟೋ ವರ್ಷಗಳ ಮೇಲೆ. ಅದೃಷ್ಟದಿಂದ ಸಿಕ್ಕ ಇಂಥ ಅಂಟುಗಳನ್ನು ಈಗ ಬೇಕೆಂದೇ ಹುಡುಕುತ್ತಿದ್ದಾರೆ. ಒಂದು ಪ್ರೋಟೀನ್ ಹೇರಳವಾಗಿರುವ ಕೋಶಗಳನ್ನು ತೆಗೆದುಕೊಳ್ಳುವುದು. ಅವುಗಳಲ್ಲೇ ಒಂದಷ್ಟಕ್ಕೆ ಆ ಜೀನನ್ನು ಕ್ರಿಸ್ಪರ್‌ನಿಂದ ಕೆಡಿಸಿ ಜೋಡಿ ಮಾಡಿಕೊಳ್ಳುವುದು. ಅಣುಗಳನ್ನು ಎರಡಕ್ಕೂ ಹಾಕುವುದು. ಒಂದನ್ನು ಕೊಂದು ಅದರ ಜೋಡಿಯನ್ನು ಬಿಡುವ ಅಣು ಸಿಕ್ಕರೆ ಅದರ ಬೆನ್ನು ಹತ್ತುವುದು. ಕೆಡಿಸದ ಕೋಶ ಮತ್ತು ಕೆಡಿಸಿದ ಕೋಶ, ಎರಡೂ ಒಂದೇ ಪ್ಲೇಟಿನಲ್ಲಿ, ಅಕ್ಕಪಕ್ಕದ ಸಾಲಿನಲ್ಲಿ.